1971ರ ಎಂಜಿ ಬಿ ಕಾರಿಗೆ 16 ಇಂಚಿನ ಅಲಾಯ್ ವೀಲ್ ಹಾಕಬಹುದಾ, ಇಲ್ಲಾ ವೈರ್ ವೀಲ್ ಒಳ್ಳೆಯದಾ?

16 ಇಂಚು ಬೇಡ. ವೈರ್ ವೀಲ್, ಅಂದರೆ ಸ್ಪೋಕ್ ಕಡ್ಡಿಗಳ ಚಕ್ರ, ಹಾಕಬಹುದು, ಆದರೆ ನಿಮ್ಮ ಕಡೆಯ ಮಳೆಯಲ್ಲಿ ಅದನ್ನು ಸಾಕುವುದು ಸುಲಭವಲ್ಲ. ನಾನಾಗಿದ್ದರೆ 14 ಇಂಚಿನ, ಐದೂವರೆ ಇಂಚು ಅಗಲದ ಅಲಾಯ್ ತಂದು, ಅದಕ್ಕೆ ಸ್ವಿಫ್ಟ್ ಕಾರಿನ ಟೈರ್ ಏರಿಸಿ ನೆಮ್ಮದಿಯಾಗಿ ಓಡಿಸುತ್ತಿದ್ದೆ.

ನೀವು ಬರೆದಿದ್ದು ಇಷ್ಟು: ದೊಡ್ಡಪ್ಪನ ಕಾಲದ ಎಂಜಿ ಬಿ ರೋಡ್‌ಸ್ಟರ್ (ಇಂಗ್ಲೆಂಡಿನ ಎರಡು ಸೀಟಿನ ತೆರೆದ ಕಾರು), ಈಗ ತೀರ್ಥಹಳ್ಳಿ ಹತ್ತಿರದ ಮನೆಯಲ್ಲಿದೆ. ಕಂಪನಿಯಿಂದ ಬಂದ ರಾಸ್ಟೈಲ್ ಉಕ್ಕಿನ ವೀಲ್‌ಗಳು ತುಕ್ಕು ಹಿಡಿದಿವೆ. ಒಬ್ಬ ಸ್ನೇಹಿತ 16 ಇಂಚಿನ ಅಲಾಯ್ ಹಾಕು ಅಂತಾರೆ, ಇನ್ನೊಬ್ಬರು ವೈರ್ ವೀಲ್ ಇಲ್ಲದಿದ್ದರೆ ಎಂಜಿಗೆ ಕಳೆಯೇ ಇಲ್ಲ ಅಂತಾರೆ. ಕಾನೂನು ಅಡ್ಡ ಬರುತ್ತಾ ಅಂತಲೂ ಕೇಳಿದ್ದೀರಿ. ನಾನು ಶಿವಮೊಗ್ಗದಲ್ಲಿ ಟೈರ್ ಮತ್ತು ಅಲೈನ್‌ಮೆಂಟ್ ಕೆಲಸ ಮಾಡುವವನು. ಹಳೆ ಗಾಡಿಯ ಹುಚ್ಚಿರುವ ಗಿರಾಕಿಗಳಿಂದಾಗಿ ಹೆರಾಲ್ಡ್, ಎಂಜಿ ತರಹದವೂ ಆಗಾಗ ಕೈಗೆ ಬರುತ್ತವೆ. ಬಂದವರು ಮೊದಲು ತೋರಿಸುವುದು ಮೊಬೈಲಿನಲ್ಲಿರುವ ಫೋಟೋ. ನಾನು ಮೊದಲು ಕೇಳುವುದು ಗಾಡಿ ಯಾವ ರಸ್ತೆಯಲ್ಲಿ ಓಡುತ್ತೆ ಅಂತ.

16 ಇಂಚು ಯಾಕೆ ಬೇಡ ಅನ್ನುವುದಕ್ಕೆ ಲೆಕ್ಕ ಇದೆ. ನಿಮ್ಮ ಗಾಡಿಯ ಕಾಲದಲ್ಲಿ ಬರುತ್ತಿದ್ದ 165 ಟೈರಿಗೆ ಈಗಿನ ಹೆಸರು 165/80 ಆರ್ 14. ಅಂದರೆ ಅಗಲ 165 ಮಿಲಿಮೀಟರ್, ರಬ್ಬರಿನ ಎತ್ತರ ಆ ಅಗಲದ ಶೇಕಡಾ 80, ರಿಮ್ 14 ಇಂಚು. ರಿಮ್ಮಿನಿಂದ ನೆಲದವರೆಗೆ ರಬ್ಬರಿನ ಎತ್ತರ 132 ಮಿಲಿಮೀಟರ್. ಇಡೀ ಚಕ್ರದ ಎತ್ತರ ಸುಮಾರು 620. ಈಗ 16 ಇಂಚಿನ ರಿಮ್ಮಿಗೆ 195/45 ಟೈರ್ ಹಾಕಿದಿರಿ ಅನ್ನಿ. ರಬ್ಬರ್ 88 ಮಿಲಿಮೀಟರಿಗೆ ಇಳಿಯಿತು, ಇಡೀ ಚಕ್ರ 582ಕ್ಕೆ ಬಂತು. ದೊಡ್ಡ ರಿಮ್ ಹಾಕಿದ್ದಕ್ಕೆ ಗಾಡಿ ಎತ್ತರ ಆಗಲಿಲ್ಲ, ಸುಮಾರು 19 ಮಿಲಿಮೀಟರ್ ಕೆಳಗೇ ಕೂತಿತು! ಎಂಜಿ ಬಿಯ ಹೊಟ್ಟೆಗೂ ನೆಲಕ್ಕೂ ಇರುವ ಅಂತರ ಮೊದಲೇ ಐದು ಇಂಚಿನ ಆಸುಪಾಸು. ನಮ್ಮ ಊರುಗಳ ಹಂಪ್ ನೋಡಿದ್ದೀರಲ್ವಾ? ಶಾಲೆ ಮುಂದೊಂದು, ಬಸ್‌ಸ್ಟ್ಯಾಂಡ್ ಮುಂದೊಂದು, ಯಾರದೋ ಮನೆ ಮುಂದೆ ಅವರೇ ಹಾಕಿಸಿಕೊಂಡಿದ್ದು ಇನ್ನೊಂದು. ಸೈಲೆನ್ಸರ್ ಪೈಪು ಮೊದಲು ಹೋಗುತ್ತೆ. ಸ್ಪೀಡೋಮೀಟರ್ ಕೂಡ ಇರುವುದಕ್ಕಿಂತ ಜಾಸ್ತಿ ವೇಗ ತೋರಿಸುತ್ತೆ, ಅದು ಚಿಕ್ಕ ವಿಷಯ ಬಿಡಿ.

ದೊಡ್ಡ ವಿಷಯ ಹೊಂಡ. ಮಳೆಗಾಲದಲ್ಲಿ ಹೊಂಡದ ತುಂಬ ನೀರು, ಆಳ ಎಷ್ಟು ಅಂತ ಗೊತ್ತಾಗುವುದಿಲ್ಲ. ಎತ್ತರದ ರಬ್ಬರ್ ಇದ್ದರೆ ಪೆಟ್ಟನ್ನು ಅದು ತಿನ್ನುತ್ತೆ. ಇಲ್ಲದಿದ್ದರೆ ರಿಮ್ಮಿನ ಅಂಚು ತಿನ್ನುತ್ತೆ. ಉಕ್ಕಿನ ವೀಲ್ ಬಗ್ಗಿದರೆ ಪ್ರೆಸ್ಸಿನಲ್ಲಿ ಕೂರಿಸಿ ಸರಿ ಮಾಡಬಹುದು. ಅಲಾಯ್ ಬಿರುಕು ಬಿಟ್ಟರೆ ವೆಲ್ಡಿಂಗ್ ಮಾಡಿಕೊಡುವವರು ಇದ್ದಾರೆ, ಆದರೆ ಅಂಥ ವೀಲ್ ಹಾಕಿಕೊಂಡು ಆಗುಂಬೆ ಘಾಟಿ ಇಳಿಯಿರಿ ಅಂತ ನಾನು ಯಾರಿಗೂ ಹೇಳುವುದಿಲ್ಲ.

ಅಗಲದ ವಿಷಯದಲ್ಲೂ ಆಸೆ ಸ್ವಲ್ಪ ಹಿಡಿತದಲ್ಲಿರಲಿ. ನಿಮ್ಮದು ಒಂಬೈನೂರು ಚಿಲ್ಲರೆ ಕಿಲೋ ತೂಕದ ಗಾಡಿ. ಹಗುರ ಗಾಡಿಗೆ ಅಗಲದ ಟೈರ್ ಹಾಕಿದರೆ ರಸ್ತೆಯಲ್ಲಿ ನಿಂತ ನೀರನ್ನು ಸೀಳುವುದು ಕಡಿಮೆ, ಅದರ ಮೇಲೆ ತೇಲುವುದು ಜಾಸ್ತಿ. ಕಿರಿದಾದ ಟೈರ್ ನೀರನ್ನು ಕತ್ತರಿಸಿಕೊಂಡು ಹೋಗುತ್ತೆ. ಜೊತೆಗೆ ಇದಕ್ಕೆ ಪವರ್ ಸ್ಟೀರಿಂಗ್ ಇಲ್ಲ. ಘಾಟಿಯ ತಿರುವುಗಳಲ್ಲಿ ಅಗಲದ ಟೈರನ್ನು ಎಳೆದು ತಿರುಗಿಸುವುದು ನಿಮ್ಮ ತೋಳುಗಳೇ. 165 ಸಾಕು. ನೋಡುವುದಕ್ಕೆ ತೆಳ್ಳಗೆ ಅನ್ನಿಸಿದರೆ 185/70 ಆರ್ 14 ತನಕ ಹೋಗಬಹುದು. ಎತ್ತರ ಬಹುತೇಕ ಅಷ್ಟೇ ಇರುತ್ತೆ, 615. ಆದರೆ ಆಗ ಹಿಂದಿನ ಮಡ್‌ಗಾರ್ಡಿನ ಒಳಅಂಚಿಗೆ ಟೈರ್ ತಾಗುತ್ತಾ ಅಂತ ನೋಡಲೇಬೇಕು. ಹಲವು ಎಂಜಿ ಬಿಗಳಲ್ಲಿ ಹಿಂದಿನ ಆಕ್ಸಲ್ ಸರಿಯಾಗಿ ನಡುವೆ ಕೂತಿರುವುದಿಲ್ಲ. ಒಂದು ಕಡೆ ಬೆರಳು ಹೋಗುತ್ತೆ, ಇನ್ನೊಂದು ಕಡೆ ಹೋಗುವುದಿಲ್ಲ. ಎರಡೂ ಕಡೆ ಅಳೆಯಿರಿ. ಅದೂ ಗಾಡಿಯಲ್ಲಿ ಇಬ್ಬರನ್ನು ಕೂರಿಸಿ, ಪಟ್ಟಾ ಸ್ಪ್ರಿಂಗ್ ಕುಗ್ಗಿದಾಗ ಅಳೆಯಿರಿ.

165/80 ಆರ್ 14 ಹೇಳಲು ಇನ್ನೊಂದು ಕಾರಣ ಇದೆ, ನನ್ನ ಮಟ್ಟಿಗೆ ಅದೇ ಮುಖ್ಯ ಕಾರಣ. ಮಾರುತಿ ಸ್ವಿಫ್ಟ್, ಡಿಸೈರ್‌ನ ಕೆಳಗಿನ ಮಾಡೆಲ್‌ಗಳಿಗೆ ಬಂದ ಸೈಜೇ ಇದು. ಟ್ಯಾಕ್ಸಿ ಡಿಸೈರ್ ಇರುವ ಊರಲ್ಲೆಲ್ಲ ಈ ಟೈರ್ ಸಿಗುತ್ತೆ. ತೀರ್ಥಹಳ್ಳಿಯಲ್ಲಿ ಭಾನುವಾರ ಸಂಜೆ ಟೈರ್ ಒಡೆದರೂ ಗತಿ ಇದೆ. ಇಂಗ್ಲೆಂಡಿನಲ್ಲಿ 1962ರಿಂದ 1980ರವರೆಗೆ ತಯಾರಾದ ಗಾಡಿಗೆ ನಮ್ಮ ಪೇಟೆಯ ಟೈರ್ ಹೊಂದುತ್ತೆ ಅನ್ನುವುದೇ ಒಂದು ಭಾಗ್ಯ ಮಾರಾಯ್ರೆ, ಅದನ್ನು ಕೈಯಾರೆ ಕಳೆದುಕೊಳ್ಳಬೇಡಿ.

ಈಗ ವೈರ್ ವೀಲ್. ಚೆಂದ ಅನ್ನುವುದರಲ್ಲಿ ಎರಡು ಮಾತಿಲ್ಲ. ಆದರೆ ಅದು ನಿಮ್ಮ ಗಾಡಿಗೆ ಸುಮ್ನೆ ಬಿಚ್ಚಿ ಹಾಕುವಂಥದ್ದಲ್ಲ. ವೈರ್ ವೀಲ್ ಇರುವ ಎಂಜಿಯಲ್ಲಿ ಹಬ್, ಅಂದರೆ ಚಕ್ರ ಕೂರುವ ನಡುಭಾಗವೇ ಬೇರೆ. ಹಲ್ಲು ಹಲ್ಲಿನ ಸ್ಪ್ಲೈನ್ ಮೇಲೆ ಚಕ್ರ ಜಾರಿ ಕೂರುತ್ತೆ, ನಡುವೆ ಒಂದೇ ಒಂದು ದೊಡ್ಡ ನಟ್. ನಿಮ್ಮದು ನಾಲ್ಕು ನಟ್ಟಿನ ಹಬ್. ಮೇಲಾಗಿ ಕಂಪನಿಯವರು ವೈರ್ ವೀಲ್ ಗಾಡಿಗೆ ಹಿಂದಿನ ಆಕ್ಸಲನ್ನೇ ಸ್ವಲ್ಪ ಗಿಡ್ಡ ಮಾಡಿದ್ದರು. ಹಾಗಾಗಿ ನಾಲ್ಕು ನಟ್ಟಿನ ಆಕ್ಸಲಿಗೆ ಅಡಾಪ್ಟರ್ ಬಿಗಿದು ಮಾಮೂಲಿ ವೈರ್ ವೀಲ್ ಹಾಕಿದರೆ ಚಕ್ರ ಹೊರಗೆ ಬರುತ್ತೆ, ಹಿಂದಿನ ಮಡ್‌ಗಾರ್ಡಿಗೆ ಉಜ್ಜುತ್ತೆ. ನಾಲ್ಕು ನಟ್ಟಿನ ಹಬ್ಬಿಗೆ ಅಂತಲೇ ಮಾಡಿದ, ಬೋಲ್ಟ್ ಹಾಕುವ ವೈರ್ ವೀಲ್ ಬೇರೆ ಸಿಗುತ್ತೆ. ಅದಾದರೆ ಆಗಬಹುದು. ಹಳೆ ವೈರ್ ವೀಲ್ ಗಾಡಿಯ ಆಕ್ಸಲ್ ಹುಡುಕಿ ತರುವುದು ನಿಜವಾದ ದಾರಿ, ಆದರೆ ಖರ್ಚೂ ನಿಜವಾದದ್ದೇ.

ಹಾಕಿದ ಮೇಲೆ ಸಾಕಬೇಕು. ಸ್ಪೋಕಿನ ನಿಪ್ಪಲ್ ತೂತುಗಳಿಂದ ಗಾಳಿ ಹೋಗುವುದರಿಂದ ಸಾಮಾನ್ಯ ವೈರ್ ವೀಲ್‌ಗೆ ಟ್ಯೂಬ್ ಬೇಕೇ ಬೇಕು. ಟ್ಯೂಬ್‌ಲೆಸ್ ಟೈರಿನೊಳಗೆ ಟ್ಯೂಬ್ ಹಾಕುವಾಗ ಒಳಗಡೆ ಅಂಟಿಸಿದ ಸ್ಟಿಕ್ಕರ್ ಕಿತ್ತು ಹಾಕಿ, ಇಲ್ಲದಿದ್ದರೆ ಅದೇ ಉಜ್ಜಿ ಟ್ಯೂಬ್ ತೂತಾಗುತ್ತೆ. ಸ್ಪ್ಲೈನಿಗೆ ಆಗಾಗ ಗ್ರೀಸ್ ಬೇಕು. ಹಲ್ಲು ಸವೆದರೆ ರಿವರ್ಸಿನಿಂದ ಮುಂದಕ್ಕೆ ಹೊರಡುವಾಗ ‘ಟಕ್’ ಅನ್ನುತ್ತೆ. ಸೆಕೆಂಡ್‌ಹ್ಯಾಂಡ್ ವೀಲ್ ಕೊಳ್ಳುವಾಗ ಸ್ಪ್ಯಾನರಿನಿಂದ ಒಂದೊಂದೇ ಸ್ಪೋಕ್ ತಟ್ಟಿ ನೋಡಿ. ಬಿಗಿ ಇರುವುದು ಗಂಟೆಯ ಹಾಗೆ ದನಿ ಕೊಡುತ್ತೆ, ಸಡಿಲ ಇರುವುದು ಮಂಕಾಗಿ ಸದ್ದು ಮಾಡುತ್ತೆ. ನಮ್ಮಲ್ಲಿ ಬುಲೆಟ್ ರಿಮ್ಮಿನ ಬೆಂಡ್ ತೆಗೆಯುವ ಕೈಗಳು ಒಳ್ಳೆಯವೇ ಇವೆ. ಆದರೆ ಕಾರಿನ ವೈರ್ ವೀಲ್‌ನಲ್ಲಿ ಸ್ಪೋಕಿನ ಸಾಲುಗಳೇ ಬೇರೆ, ಒಂದನ್ನು ಎಳೆದರೆ ಇನ್ನೆಲ್ಲೋ ಬಾಗುತ್ತೆ. ಬ್ಯಾಲೆನ್ಸಿಂಗ್ ಕೂಡ ಮಾಮೂಲಿ ಮೆಷಿನ್ನಿನ ಕೋನಿನಲ್ಲಿ ಸರಿಯಾಗಿ ಕೂರುವುದಿಲ್ಲ. ಅದಕ್ಕೆ ತಕ್ಕ ಅಡಾಪ್ಟರ್ ಇದೆಯಾ ಅಂತ ಕೇಳಿಯೇ ಗಾಡಿ ತೆಗೆದುಕೊಂಡು ಹೋಗಿ. ಇನ್ನು ಕ್ರೋಮ್ ಸ್ಪೋಕ್! ಆಗುಂಬೆಯಲ್ಲಿ ವರ್ಷಕ್ಕೆ ಏಳು ಸಾವಿರ ಮಿಲಿಮೀಟರ್ ದಾಟಿ ಮಳೆ ಸುರಿಯುತ್ತೆ. ಅದರ ಪಕ್ಕದ ಊರಿನಲ್ಲಿ ಕ್ರೋಮ್ ಸ್ಪೋಕ್ ಒಂದೊಂದಾಗಿ ಒರೆಸುವ ತಾಳ್ಮೆ ಇದೆಯಾ? ಇದ್ದರೆ ಹಾಕಿ. ನನಗಿಲ್ಲ.

ಹಾಗಾಗಿ ಅಲಾಯ್. ಎಂಟು ದಪ್ಪ ಕಡ್ಡಿಗಳ ಮಿನಿಲೈಟ್ ಡಿಸೈನ್ ಈ ಗಾಡಿಗೆ ಒಪ್ಪುತ್ತೆ, ಅದೇ ಕಾಲದ್ದು. ಆದರೆ ಹಳೆ ಅಸಲಿ ಮಿನಿಲೈಟ್ ಮೆಗ್ನೀಸಿಯಂನದು. ಮೆಗ್ನೀಸಿಯಂ ಒದ್ದೆಯಲ್ಲಿ ಬೇಗ ತಿಂದು ಹೋಗುತ್ತೆ, ಒಳಗೇ ಬಿರುಕು ಬಿಟ್ಟಿರಬಹುದು. ‘ಅಪರೂಪದ ಪೀಸ್’ ಅಂತ ಯಾರಾದರೂ ಮಾರಲು ಬಂದರೆ ಗೋಡೆಗೆ ನೇತುಹಾಕಲು ಕೊಳ್ಳಿ. ಓಡಿಸಲು ಹೊಸ ಅಲ್ಯೂಮಿನಿಯಂನದೇ ಇರಲಿ. ವೀಲ್‌ನ ಹಿಂಭಾಗದಲ್ಲಿ ಸೈಜು, ಆಫ್‌ಸೆಟ್ (ಹಬ್ಬಿಗೆ ಕೂರುವ ಮುಖ ರಿಮ್ಮಿನ ನಡುಗೆರೆಯಿಂದ ಎಷ್ಟು ಮಿಲಿಮೀಟರ್ ದೂರ ಅನ್ನುವುದು), ತೂಕ ತಡೆಯುವ ಅಂಕಿ ಎರಕದಲ್ಲೇ ಮೂಡಿದೆಯಾ ನೋಡಿ. ಸುರಕ್ಷತೆಗೆ ಕೊಡುವ ಜಪಾನಿನ ಜೆಡಬ್ಲ್ಯುಎಲ್ ಗುರುತೋ, ಜರ್ಮನಿಯ ಟಿಯುವಿ ಗುರುತೋ ಇದ್ದರೆ ಒಳ್ಳೆಯದು. ಏನೂ ಗುರುತಿಲ್ಲದ ವೀಲ್ ಬಿಟ್ಟಿ ಕೊಟ್ಟರೂ ಬೇಡ.

ನಿಮ್ಮ ಹಬ್ಬಿನ ಪಿಸಿಡಿ 4 × 114.3, ಅಂದರೆ ಎದುರುಬದುರು ಸ್ಟಡ್‌ಗಳ ನಡುವೆ ನಾಲ್ಕೂವರೆ ಇಂಚು. 4 × 100 ಮತ್ತು 4 × 108 ಅಲಾಯ್‌ಗಳು ಮಾರ್ಕೆಟ್ಟಿನಲ್ಲಿ ಹೇರಳ. ತೂತು ಸ್ವಲ್ಪ ಉಜ್ಜಿ ಕೂರಿಸಿಕೊಡ್ತೀವಿ ಅನ್ನುವ ಲೇತಿನವರೂ ಇದ್ದಾರೆ. ಉಜ್ಜಿಸಬೇಡಿ. ಪಿಸಿಡಿ ಹೊಂದಿದ ಮಾತ್ರಕ್ಕೂ ಮುಗಿಯಲಿಲ್ಲ. ಮುಂದಿನ ಚಕ್ರ ಎಳೆಯುವ ಈಗಿನ ಕಾರುಗಳ ಅಲಾಯ್‌ನಲ್ಲಿ ಆಫ್‌ಸೆಟ್ ಸಾಮಾನ್ಯವಾಗಿ 40ರ ಆಸುಪಾಸು. ಅಂಥದ್ದು ನಿಮ್ಮ ಗಾಡಿಯಲ್ಲಿ ಒಳಗೆ ಹೋಗಿ ಕೂರುತ್ತೆ, ಸ್ಪ್ರಿಂಗಿಗೋ ಸ್ಟೀರಿಂಗ್ ಆರ್ಮಿಗೋ ತಾಗಬಹುದು. ಆಮೇಲೆ ಅದನ್ನು ಹೊರಗೆ ತರಲು ಸ್ಪೇಸರ್, ಸ್ಪೇಸರಿಗೆ ಉದ್ದ ಸ್ಟಡ್, ಕೊನೆಗೆ ಬೇರಿಂಗ್ ಮೇಲೆ ಭಾರ. ಎಂಜಿ ಬಿಗೆ ಅಂತಲೇ ಮಾಡಿದ 14 × 5.5 ವೀಲ್ ತರಿಸಿದರೆ ಈ ತಾಪತ್ರಯ ಯಾವುದೂ ಇಲ್ಲ. ಬಣ್ಣ ಪೌಡರ್ ಕೋಟಿಂಗ್ ಸಿಲ್ವರ್ ಇರಲಿ. ಡೈಮಂಡ್ ಕಟ್ ಹೊಳಪಿನದರಲ್ಲಿ ಒಂದು ಕಲ್ಲೇಟು ಬಿದ್ದರೆ ಲ್ಯಾಕರ್ ಕೆಳಗೆ ನೀರು ಸೇರಿ ಬಿಳಿ ಗೆರೆ ಹರಡುತ್ತೆ.

ಕಾನೂನು ಕೇಳಿದ್ದೀರಿ. ಆರ್‌ಸಿಯಲ್ಲಿರುವ ಮೂಲ ವಿವರಕ್ಕೆ ವಿರುದ್ಧವಾಗಿ ಗಾಡಿ ಬದಲಿಸುವ ಹಾಗಿಲ್ಲ ಅನ್ನುತ್ತೆ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್. 14 ಇಂಚಿನಲ್ಲೇ ಇದ್ದರೆ ತಕರಾರಿಗೆ ಜಾಗ ಕಡಿಮೆ. ಇನ್ನು 2021ರಲ್ಲಿ ಬಂದ ವಿಂಟೇಜ್ ನಿಯಮ. ಮೊದಲ ನೋಂದಣಿಯಾಗಿ 50 ವರ್ಷ ದಾಟಿ, ಮೂಲ ರೂಪದಲ್ಲೇ ಉಳಿದ ಗಾಡಿಗೆ ‘ವಿಎ’ ಅಕ್ಷರವಿರುವ ನಂಬರ್ ಸಿಗುತ್ತೆ, ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ. ಆ ನಂಬರ್ ತೆಗೆದುಕೊಂಡರೆ ದಿನನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ಮುಂದೆಂದಾದರೂ ಆ ಯೋಚನೆ ಇದ್ದರೆ ರಾಸ್ಟೈಲ್‌ಗಳನ್ನು ಗುಜರಿಗೆ ಹಾಕಬೇಡಿ. ತುಕ್ಕು ಮೇಲ್ಮೈಯಲ್ಲಷ್ಟೇ ಇದ್ದರೆ ಸ್ಯಾಂಡ್ ಬ್ಲಾಸ್ಟ್ ಮಾಡಿಸಿ ಬಣ್ಣ ಹೊಡೆಸಿದರೆ ಅವೇ ಹೊಸದಾಗುತ್ತವೆ. ಅಲಾಯ್ ಕೊಳ್ಳುವ ಮುಂಚೆ ಅದನ್ನೇ ಒಮ್ಮೆ ವಿಚಾರಿಸಿ ನೋಡಿ. ಶಿವಮೊಗ್ಗದ ಆಟೋ ಕಾಂಪ್ಲೆಕ್ಸ್ ಕಡೆ ಬಂದರೆ ಇಂಥ ಕೆಲಸದವರನ್ನು ಹುಡುಕುವುದು ಕಷ್ಟವಲ್ಲ.

ಅಲಾಯ್ ಹಾಕುವ ದಿನ ಹಬ್ಬಿನ ಮುಖಕ್ಕೆ ತಂತಿ ಬ್ರಷ್ ಹೊಡೆದು ತೆಳ್ಳಗೆ ಕಾಪರ್ ಗ್ರೀಸ್ ಸವರಿ. ಇಲ್ಲದಿದ್ದರೆ ಒಂದೆರಡು ಮಳೆಗಾಲದಲ್ಲಿ ಅಲ್ಯೂಮಿನಿಯಂ ಕಬ್ಬಿಣಕ್ಕೆ ಕಚ್ಚಿಕೊಂಡು ಬಿಡುತ್ತೆ. ಸ್ಟಡ್ಡಿನ ಥ್ರೆಡ್ಡಿಗೆ ಗ್ರೀಸ್ ಬೇಡ. ನಟ್ಟುಗಳನ್ನು ಗಾಳಿ ಗನ್ನಿನಲ್ಲಿ ಬಿಗಿಸಲು ಬಿಡದೆ ಟಾರ್ಕ್ ರೆಂಚಿನಲ್ಲಿ 60ರಿಂದ 65 ಪೌಂಡ್-ಅಡಿಗೆ ಬಿಗಿಸಿ. ವೀಲ್ ಮಾಡಿದವರು ಬೇರೆ ಅಂಕಿ ಕೊಟ್ಟಿದ್ದರೆ ಅದೇ ಸರಿ. ನೂರು ಕಿಲೋಮೀಟರ್ ಓಡಿದ ಮೇಲೆ ಇನ್ನೊಮ್ಮೆ ನೋಡಿ. ಶಿವಮೊಗ್ಗಕ್ಕೆ ಬಂದು ವಾಪಸ್ ಹೋದರೆ ಅಷ್ಟಾಗುತ್ತೆ.

ಹಲವು ಅಲಾಯ್‌ಗಳ ನಟ್ ಬೇರೆ ತರಹದ್ದು, ಉಕ್ಕಿನ ವೀಲ್‌ಗೆ ಸರಿಯಾಗಿ ಕೂರುವುದಿಲ್ಲ. ಸ್ಟೆಪ್ನಿ ಉಕ್ಕಿನದೇ ಇಟ್ಟುಕೊಂಡರೆ ಅದರ ಹಳೆ ನಟ್ ನಾಲ್ಕನ್ನು ಒಂದು ಚೀಲಕ್ಕೆ ಹಾಕಿ ಡಿಕ್ಕಿಯಲ್ಲಿ ಇಟ್ಟಿರಿ.