ಬಣ್ಣಕ್ಕೆ ಮೊದಲು ಒಣ ಜೋಡಣೆ: ಪೆಟ್ಟಿಗೆ ತುಂಬ ಗೋಲ್ಡ್ ಸ್ಟಾರ್ ತಂದವರಿಗೆ

ಸರ್, ನಿಮ್ಮ ಪ್ರಶ್ನೆಯನ್ನು ಎರಡು ಸಲ ಓದಿದೆ. ನಾಲ್ಕು ಪೆಟ್ಟಿಗೆ ಬಿಡಿಭಾಗ, ಒಂದು ತುಕ್ಕು ಹಿಡಿದ ಫ್ರೇಮು, 'ಇದು ಬಿಎಸ್‌ಎ ಗೋಲ್ಡ್ ಸ್ಟಾರ್, 500 ಸಿಸಿ, ಡಿಬಿಡಿ34' ಅನ್ನುವ ಬಾಯಿಮಾತು. (ಬಿಎಸ್‌ಎ ಬ್ರಿಟಿಷ್ ಕಂಪನಿ, ಗೋಲ್ಡ್ ಸ್ಟಾರ್ ಅದರ ಹಳೇ ಬೈಕು, ಡಿಬಿಡಿ34 ಅದರೊಂದು ಮಾದರಿ.) ಹಳೇ ರೇಸ್ ಬೈಕುಗಳ ಓಟಕ್ಕೆ ಇಳಿಸುವ ಆಸೆ. ಫ್ರೇಮನ್ನು ಪೌಡರ್ ಕೋಟಿಂಗ್‌ಗೆ ಕೊಟ್ಟು, ಅಷ್ಟರಲ್ಲಿ ಹೊಸ ಪಿಸ್ಟನ್ ತರಿಸಲೇ ಅಂತ ಕೇಳಿದ್ದೀರಿ. ಎರಡೂ ಈಗ ಬೇಡ. ತುಕ್ಕು, ಜಿಡ್ಡು ಹೇಗಿದೆಯೋ ಹಾಗೇ ಇರಲಿ, ಮೊದಲು ಇಡೀ ಗಾಡಿಯನ್ನು ಒಂದು ಸಲ ಒಣದಾಗಿ ಜೋಡಿಸಿ ಚಕ್ರದ ಮೇಲೆ ನಿಲ್ಲಿಸಿ.

ನಾನು ಮೊದಲ ಗಾಡಿಯಲ್ಲಿ ಇದನ್ನೇ ತಪ್ಪಿಸಿದ್ದೆ. ಫ್ರೇಮಿಗೆ ಕಪ್ಪು ಬಣ್ಣ ಹೊಡೆಸಿ, ಕನ್ನಡಿ ಥರ ಹೊಳೆಯೋದನ್ನ ನೋಡಿ ಹಿಗ್ಗಿದ್ದೆ. ಎಂಜಿನ್ ಕೂರಿಸಿದರೆ ಎಕ್ಸಾಸ್ಟ್ ಪೈಪು ಫುಟ್‌ರೆಸ್ಟ್‌ಗೆ ತಾಗಿತು. ಅದನ್ನು ಸರಿಮಾಡಿದರೆ ಚೈನು ಟೈರಿನ ಅಂಚು ಸವರಿತು. ಕೊನೆಗೆ ಟಾರ್ಚ್ ಹಿಡಿದು ಹುಡುಕುವಾಗ ಸ್ಟಿಯರಿಂಗ್ ಹೆಡ್ ಕೆಳಗೆ, ಬಣ್ಣದ ಅಡಿಯಲ್ಲಿ, ಕೂದಲೆಳೆಯಂಥ ಗೆರೆ ಕಂಡಿತು. ಕೆರೆದರೆ ಬಿರುಕು. ಹೊಸ ಬಣ್ಣವನ್ನೆಲ್ಲ ನನ್ನ ಕೈಯಾರೆ ಕೆರೆದು ತೆಗೆದೆ. ಬಣ್ಣ ಹೊಡೆದವನ ತಪ್ಪೇನಿಲ್ಲ ಅದರಲ್ಲಿ, ಆತುರ ನನ್ನದು.

ಅದಕ್ಕೂ ಮೊದಲು ಕೈಯಲ್ಲಿರೋದು ಏನು ಅಂತ ಗೊತ್ತಾಗಬೇಕು. ಗೋಲ್ಡ್ ಸ್ಟಾರ್ ಹೆಸರಿನ ಮೂಲ 1937ರದ್ದು. ರೇಸರ್ ವಾಲ್ ಹ್ಯಾಂಡ್ಲಿ ಇಂಗ್ಲೆಂಡಿನ ಬ್ರೂಕ್‌ಲ್ಯಾಂಡ್ಸ್ ಟ್ರ್ಯಾಕಿನಲ್ಲಿ ಬಿಎಸ್‌ಎ ಎಂಪೈರ್ ಸ್ಟಾರ್ ಓಡಿಸಿ ಗಂಟೆಗೆ 100 ಮೈಲಿಗೂ ಮೀರಿದ ಸುತ್ತು ಹಾಕಿದಾಗ ಸಿಕ್ಕ ಚಿನ್ನದ ನಕ್ಷತ್ರದ ಬಿಲ್ಲೆಯೇ ಮರುವರ್ಷ ಮಾದರಿಯ ಹೆಸರಾಯಿತು. ಆ ಹೆಸರಿಗೆ ಬೆಲೆ ಬಂದಮೇಲೆ ಅದೇ ಕಂಪನಿಯ ಮಾಮೂಲಿ 500 ಸಿಸಿ ಬಿ33 ಗಾಡಿಗಳಿಗೆ ಗೋಲ್ಡ್ ಸ್ಟಾರ್ ವೇಷ ಹಾಕುವವರೂ ಹೆಚ್ಚಾದರು. ಎರಡರದ್ದೂ ಬೋರ್ (ಸಿಲಿಂಡರಿನ ಒಳ ಅಗಲ) 85 ಮಿ.ಮೀ., ಸ್ಟ್ರೋಕ್ (ಪಿಸ್ಟನ್ ಓಡಾಡುವ ದೂರ) 88 ಮಿ.ಮೀ., ಹಾಗಾಗಿ ಅಳತೆಯಿಂದ ಪತ್ತೆಯಾಗೋದಿಲ್ಲ. ಸಿಲಿಂಡರ್ ನೋಡಿ. ಗೋಲ್ಡ್ ಸ್ಟಾರಿನದ್ದು ಅಲ್ಯೂಮಿನಿಯಂ, ಪುಶ್‌ರಾಡ್ (ವಾಲ್ವ್ ತೆರೆಸುವ ಕಡ್ಡಿ) ಹೋಗುವ ಸುರಂಗ ಅದರ ಜೊತೆಗೇ ಎರಕ ಹೊಯ್ದಿರುತ್ತದೆ. ಬಿ33ರದ್ದು ಕಬ್ಬಿಣ. ಆಮೇಲೆ ಫ್ರೇಮನ್ನು ಮಗುಚಿ ಹಾಕಿ, ಬಲಗಡೆಯ ಕೆಳಪೈಪಿನ ಮೇಲೆ ಕೈಯಾಡಿಸಿ. ಆಯಿಲ್ ಪಂಪಿಗೆ ಜಾಗ ಬಿಡೋಕೆ ಅಲ್ಲೊಂದು ಡೊಂಕು ಇರಬೇಕು. ಅದನ್ನು ಅಪಘಾತದ ನೆಗ್ಗು ಅಂದುಕೊಂಡು ನೇರ ಮಾಡಿಸಿಬಿಟ್ಟೀರಿ, ಹುಷಾರ್. ಎಂಜಿನ್ ಮೇಲೆ ಡಿಬಿಡಿ34ಜಿಎಸ್ ಅಂತ ಇದ್ದು ಫ್ರೇಮಿನ ಮೇಲೆ ಸಿಬಿ32 ಅಂತ ಇದ್ದರೆ 350 ಸಿಸಿ ಗಾಡಿಯ ಫ್ರೇಮು ತಲೆಗೆ ಕಟ್ಟಿದರು ಅಂತ ಗಾಬರಿಯಾಗಬೇಡಿ, ಕಾರ್ಖಾನೆಯಿಂದ ಬಂದಿದ್ದೇ ಹಾಗೆ. ಎರಡರ ನಂಬರ್ ಒಂದೇ ಆಗಿರಲೂ ಬೇಕಿಲ್ಲ. ಬಿ33 ಅಂತಲೇ ಗೊತ್ತಾದರೂ ಬೇಜಾರೇನಿಲ್ಲ, ಓಡಿಸೋಕೆ ಒಳ್ಳೇ ಗಾಡಿ.

ಒಣ ಜೋಡಣೆಯಲ್ಲಿ ಸೀಲು, ಗ್ಯಾಸ್ಕೆಟ್ಟು, ಎಣ್ಣೆ ಏನೂ ಬೇಡ. ಖಾಲಿ ಕ್ರ್ಯಾಂಕ್‌ಕೇಸ್, ಗೇರ್‌ಬಾಕ್ಸ್, ಫೋರ್ಕು, ಚಕ್ರ, ಟ್ಯಾಂಕು ಇಷ್ಟನ್ನು ನಿಲ್ಲಿಸಿ. ಎಂಜಿನ್ ಪ್ಲೇಟಿನ ತೂತುಗಳು ಮೊಟ್ಟೆಯಾಕಾರಕ್ಕೆ ಸವೆದಿವೆಯಾ? ಹಿಂದಿನ ಸ್ಪ್ರಾಕೆಟ್ಟಿಗೂ ಗೇರ್‌ಬಾಕ್ಸ್ ಸ್ಪ್ರಾಕೆಟ್ಟಿಗೂ ನೇರ ಪಟ್ಟಿ ಇಟ್ಟರೆ ಎರಡೂ ಒಂದೇ ಗೆರೆಗೆ ಬರುತ್ತವಾ? ಎರಡೂ ಚಕ್ರ ಒಂದೇ ನೇರಕ್ಕಿವೆಯಾ ಅಂತ ದಾರ ಕಟ್ಟಿ ನೋಡಿ. ಪ್ರತಿ ವಾಷರ್, ಸ್ಪೇಸರ್ ಎಲ್ಲಿ ಕೂತಿತೋ ಅಲ್ಲಿಂದ ತೆಗೆಯುವಾಗಲೇ ಚೀಟಿ ಕಟ್ಟಿ. ರೇಸ್ ಗಾಡಿ ಅಂದಮೇಲೆ ಕಾರ್ಖಾನೆಯಲ್ಲಿ ಇಲ್ಲದ ತೂತು, ಕತ್ತರಿಸಿದ ಬ್ರಾಕೆಟ್ಟು, ಹಿಂದಕ್ಕೆ ಸರಿಸಿದ ಫುಟ್‌ರೆಸ್ಟು ಇದ್ದೇ ಇರುತ್ತವೆ. ಡ್ರೈನ್ ಪ್ಲಗ್ಗಿನ ತಲೆಯಲ್ಲಿ ಸೂಜಿಗಾತ್ರದ ತೂತು ಕಂಡರೆ ಅದು ಲಾಕ್‌ವೈರಿಗೆ (ಪ್ಲಗ್ ಬಿಚ್ಚಿಕೊಳ್ಳದಂತೆ ಕಟ್ಟುವ ತಂತಿ) ಕೊರೆದದ್ದು, ಅಂದರೆ ಈ ಗಾಡಿ ಟ್ರ್ಯಾಕ್ ಕಂಡಿರಬಹುದು. ಇವನ್ನೆಲ್ಲ ಬೆಸುಗೆ ಹಾಕಿ ಮುಚ್ಚಿ 'ಹೊಸದು' ಮಾಡಬೇಡಿ. ಮೊದಲು ಫೋಟೋ ತೆಗೆಯಿರಿ.

ಬೋಲ್ಟು ಸಿಗಲಿಲ್ಲ ಅಂತ ಕೈಗೆ ಸಿಕ್ಕ ಮೆಟ್ರಿಕ್ ಬೋಲ್ಟನ್ನು ತುರುಕಬೇಡಿ. ಒಂದೇ ಗಾಡಿಯಲ್ಲಿ ವಿಟ್‌ವರ್ತ್, ಬಿಎಸ್‌ಎಫ್, ಇಂಚಿಗೆ 26 ಮರೆಯ (ಬೋಲ್ಟಿನ ಸುರುಳಿ ಗೆರೆ) ಸೈಕಲ್ ಥ್ರೆಡ್ ಹೀಗೆ ಮೂರು ಥರದ ಹಳೇ ಬ್ರಿಟಿಷ್ ಥ್ರೆಡ್ಡೂ ಸಿಗುತ್ತವೆ. ವಿಟ್‌ವರ್ತ್ ಮರೆಯ ಕೋನ 55 ಡಿಗ್ರಿ, ಸೈಕಲ್ ಥ್ರೆಡ್ಡಿನದು 60. ಎರಡು ಸುತ್ತು ಸಲೀಸಾಗಿ ಹೋಗಿ ಮೂರನೆಯದಕ್ಕೆ ಬಿಗಿಯಾದರೆ ಅಲ್ಲೇ ನಿಲ್ಲಿಸಿ. ಅಲ್ಯೂಮಿನಿಯಂ ಕೇಸಿನ ಮರೆ ಒಂದು ಸಲ ಹೋಯಿತೆಂದರೆ ಲೇತ್‌ನವರ ಬಾಗಿಲು ತಟ್ಟಬೇಕು.

ಪಿಸ್ಟನ್ ಯಾಕೆ ಈಗ ಬೇಡ ಅಂದರೆ, ನಿಮ್ಮ ಬೋರ್ ಎಷ್ಟಾಗಿದೆ ಅಂತ ಇನ್ನೂ ಗೊತ್ತಿಲ್ಲವಲ್ಲ. ಮೇಲೆ, ನಡುವೆ, ಕೆಳಗೆ, ಪ್ರತಿ ಕಡೆಯೂ ಅಡ್ಡ ಉದ್ದ ಎರಡೂ ಅಳೆಯಿರಿ. ಅದಕ್ಕಿಂತ ಮುಖ್ಯ ಕೆಳಗಿನ ಭಾಗ. ಕನೆಕ್ಟಿಂಗ್ ರಾಡ್ ಹಿಡಿದು ನೇರ ಮೇಲೆ ಕೆಳಗೆ ಎಳೆದಾಗ ಅದರ ಕೆಳತುದಿಯ ಬಿಗ್ ಎಂಡ್‌ನಲ್ಲಿ ಟಕ್ ಅಂದರೆ ಕ್ರ್ಯಾಂಕ್ ಬಿಚ್ಚಲೇಬೇಕು. ಪಕ್ಕಕ್ಕೆ ಸ್ವಲ್ಪ ಆಡಿದರೆ ಪರವಾಗಿಲ್ಲ. ಬಿಚ್ಚಿದ ಮೇಲೆ ರಾಡನ್ನು ಬಿರುಕು ಪರೀಕ್ಷೆಗೆ ಕೊಡಿ. ಉಕ್ಕಿಗೆ ಮ್ಯಾಗ್ನೆಟಿಕ್ ಪರೀಕ್ಷೆ, ಅಲ್ಯೂಮಿನಿಯಂಗೆ ಬಣ್ಣದ ದ್ರವದ್ದು. ಫ್ಲೈವೀಲ್ ಮತ್ತೆ ಜೋಡಿಸಿದಾಗ ಸೆಂಟರಿನಲ್ಲಿಟ್ಟು ಡಯಲ್ ಗೇಜ್ ಹಿಡಿದರೆ ಓಲಾಟ 0.05 ಮಿ.ಮೀ. ಒಳಗಿರಲಿ. ಈ ಕೆಲಸ ಮಾತ್ರ ಪಳಗಿದವರಿಗೇ ಬಿಡಿ. ಹವ್ಯಾಸ ಅಂತ ಎಲ್ಲವನ್ನೂ ನಾವೇ ಮಾಡಬೇಕೆಂದೇನಿಲ್ಲ.

ನಾವೇ ಮಾಡಬೇಕಾದ್ದು ಟೈಮಿಂಗ್, ಅಂದರೆ ಕಿಡಿ ಯಾವ ಕ್ಷಣಕ್ಕೆ ಹಾರಬೇಕು ಅನ್ನೋದು. ಅದಕ್ಕೆ ಪಿಸ್ಟನ್ ತುತ್ತತುದಿಗೆ ಬರುವ ಜಾಗ ಮೊದಲು ಗೊತ್ತಾಗಬೇಕು. ಇದರಲ್ಲಿ ಎಡವುವವರನ್ನು ತುಂಬ ನೋಡಿದ್ದೇನೆ. ಪ್ಲಗ್ ತೂತಿನಲ್ಲಿ ಕಡ್ಡಿ ಇಟ್ಟು 'ಇಗೋ, ಮೇಲೆ ಬಂತು' ಅಂದುಬಿಡುತ್ತಾರೆ. ತುತ್ತತುದಿಯಲ್ಲಿ ಕ್ರ್ಯಾಂಕ್ ಕೆಲವು ಡಿಗ್ರಿ ತಿರುಗಿದರೂ ಪಿಸ್ಟನ್ ಅಲ್ಲಾಡಿದ್ದೇ ಕಾಣೋದಿಲ್ಲ. ಅದಕ್ಕೆ ಹೀಗೆ ಮಾಡಿ. ಕ್ರ್ಯಾಂಕಿನ ತುದಿಗೆ ಡಿಗ್ರಿ ಚಕ್ರ ಬಿಗಿಯಿರಿ, ತಂತಿಯೊಂದನ್ನು ಬಗ್ಗಿಸಿ ಮುಳ್ಳು ಮಾಡಿ. ಹಳೇ ಪ್ಲಗ್ಗಿನ ಹೊಟ್ಟೆಗೆ ಬೋಲ್ಟು ಹಾಕಿ, ಪಿಸ್ಟನ್ ಮೇಲೆ ಬರುವ ಮೊದಲೇ ತಡೆಯುವ ಹಾಗೆ ಕೂರಿಸಿ. ಮೆಲ್ಲಗೆ ಕೈಯಲ್ಲಿ ತಿರುಗಿಸಿ, ತಾಗಿದಲ್ಲಿ ಓದಿ, 42 ಅನ್ನೋಣ. ಆಮೇಲೆ ಉಲ್ಟಾ ತಿರುಗಿಸಿ, ಆ ಕಡೆಯಿಂದ ತಾಗಿದಲ್ಲಿ ಓದಿ, 46. ಕೂಡಿ ಅರ್ಧ ಮಾಡಿದರೆ 44. ಎರಡೂ ಕಡೆ 44 ತೋರಿಸುವ ಹಾಗೆ ಮುಳ್ಳನ್ನು ಬಗ್ಗಿಸಿ. ಈಗ ಸೊನ್ನೆ ಎಲ್ಲಿದೆಯೋ ಅದೇ ನಿಜವಾದ ತುದಿ. ಬೋಲ್ಟ್ ತೆಗೆಯೋದನ್ನು ಮರೆಯಬೇಡಿ.

ಕಿಡಿ ಹುಟ್ಟಿಸುವ ಮ್ಯಾಗ್ನೆಟೋ ತಿರುಗೋದು ಎಂಜಿನ್ನಿನ ಅರ್ಧ ವೇಗದಲ್ಲಿ, ಅಲ್ಲಿ ಒಂದು ಡಿಗ್ರಿ ಜಾರಿದರೆ ಕ್ರ್ಯಾಂಕಿನಲ್ಲಿ ಎರಡು. ಅದರ ಪಾಯಿಂಟ್ ನಡುವೆ ತೆಳು ಕಾಗದ ಸಿಕ್ಕಿಸಿ, ಅದು ಸಡಿಲವಾಗುವ ಕ್ಷಣವೇ ಕಿಡಿಯ ಕ್ಷಣ. ನಟ್ಟು ಬಿಗಿದ ಮೇಲೆ ಮತ್ತೊಮ್ಮೆ ನೋಡಿ, ಬಿಗಿಯುವಾಗಲೇ ಜಾರಿರುತ್ತದೆ. ಬಿಸಿಯಾದ ಮೇಲೆ ಕಿಡಿ ಸಾಯುತ್ತಿದ್ದರೆ ಕಾರ್ಬುರೇಟರ್ ಬೈಯುವ ಮೊದಲು ಮ್ಯಾಗ್ನೆಟೋದ ಕಂಡೆನ್ಸರ್ ಕಡೆ ನೋಡಿ.

ವಾಲ್ವ್ ಎತ್ತುವ ಕ್ಯಾಮ್ ಯಾವುದು ಅಂತ ಖಾತ್ರಿಯಿಲ್ಲದಿದ್ದರೆ, ವಾಲ್ವ್ ಪಿಸ್ಟನ್ನಿಗೆ ತಾಗೀತಾ ಅಂತ ನೋಡೋಕೆ ಪಿಸ್ಟನ್ ತಲೆಗೆ ಮಕ್ಕಳು ಆಡುವ ಮೆತ್ತನೆ ಕ್ಲೇ ಅಂಟಿಸಿ ಹೆಡ್ ಬಿಗಿದು ಎರಡು ಸುತ್ತು ತಿರುಗಿಸಿ. ಬಿಚ್ಚಿ, ವಾಲ್ವ್ ಒತ್ತಿದ ಗುಳಿಯನ್ನು ಬ್ಲೇಡಿನಿಂದ ಕತ್ತರಿಸಿ ದಪ್ಪ ಅಳೆಯಿರಿ. ಇನ್‌ಲೆಟ್ ಕಡೆ 1.5 ಮಿ.ಮೀ.ಗಿಂತ ಕಡಿಮೆಯಿದ್ದರೆ ನಾನು ಒಪ್ಪೋದಿಲ್ಲ, ಎಕ್ಸಾಸ್ಟಿಗೆ ಇನ್ನೂ ಸ್ವಲ್ಪ ಹೆಚ್ಚೇ ಬೇಕು.

ಬ್ರೇಕಿನ ಹಳೇ ಲೈನಿಂಗ್‌ನಲ್ಲಿ ಕಲ್ನಾರು (ಆಸ್ಬೆಸ್ಟಾಸ್) ಇರಬಹುದು, ಧೂಳನ್ನು ಊದಬೇಡಿ, ಒದ್ದೆ ಮಾಡಿ ಒರೆಸಿ. ಗೇರ್‌ಬಾಕ್ಸ್ ಆರ್‌ಆರ್‌ಟಿ2 (ರೇಸಿಗೆಂದು ಗೇರುಗಳನ್ನು ಹತ್ತಿರ ಹತ್ತಿರ ಇಟ್ಟದ್ದು) ಆಗಿದ್ದರೆ ಮೊದಲ ಗೇರು ತುಂಬಾ ಎತ್ತರ, ಹೊರಡುವಾಗ ಕ್ಲಚ್ಚನ್ನು ಸುಮಾರು ದೂರ ಜಾರಿಸಬೇಕಾಗುತ್ತದೆ. ಅದು ಕೆಟ್ಟಿಲ್ಲ, ಇರೋದೇ ಹಾಗೆ.

ಎಣ್ಣೆಯ ವಿಷಯಕ್ಕೆ ಬಂದರೆ, ಹರಳೆಣ್ಣೆಯಿಂದ ಮಾಡಿದ ರೇಸಿಂಗ್ ಎಣ್ಣೆಯ ವಾಸನೆಗೆ ಮರುಳಾಗದವರಿಲ್ಲ. ಆದರೆ ಅದನ್ನು ಮಾಮೂಲಿ ಮಿನರಲ್ ಎಣ್ಣೆ ಜೊತೆ ಬೆರೆಸಬಾರದು. ನಿಂತ ಗಾಡಿಯಲ್ಲಿ ಅಂಟು ಕಟ್ಟುತ್ತದೆ ಕೂಡ. ವಾರಕ್ಕೊಮ್ಮೆ ಓಡಿಸುವವರಿಗೆ ಸರಿ, ವರ್ಷಕ್ಕೆ ಎರಡು ಸಲ ಓಡಿಸುವ ನಮಗಲ್ಲ. ಇನ್ನೊಂದು, ನಿಲ್ಲಿಸಿದ ಗಾಡಿಯಲ್ಲಿ ಟ್ಯಾಂಕಿನ ಎಣ್ಣೆ ಪಂಪ್ ದಾಟಿ ಕ್ರ್ಯಾಂಕ್‌ಕೇಸಿಗೆ ಇಳಿಯುತ್ತದೆ ಅಂತ ಕೆಲವರು ನಲ್ಲಿ ಹಾಕಿಸುತ್ತಾರೆ. ನಲ್ಲಿ ತೆರೆಯೋದು ಮರೆತು ಕಿಕ್ ಹೊಡೆದರೆ ಬಿಗ್ ಎಂಡ್ ಕಥೆ ಮುಗಿಯಿತು. ನಾನು ನಲ್ಲಿ ಹಾಕಿಲ್ಲ, ಹೊರಡುವ ಮೊದಲು ಕೆಳಗಿನ ಪ್ಲಗ್ ಬಿಚ್ಚಿ ಇಳಿದದ್ದನ್ನು ಬಸಿಯುತ್ತೇನೆ. ಮೊದಲ ಸಲ ಸ್ಟಾರ್ಟ್ ಆದ ಕೂಡಲೇ ಎಣ್ಣೆ ಟ್ಯಾಂಕಿನ ಮುಚ್ಚಳ ತೆಗೆದು ನೋಡಿ, ಎಣ್ಣೆ ವಾಪಸ್ ಬರ್ತಿರಬೇಕು. ಒಂದು ನಿಮಿಷದಲ್ಲಿ ಬರಲಿಲ್ಲವೆಂದರೆ ಆಫ್ ಮಾಡಿ.

ಈ ವಾರ ಫ್ರೇಮಿನ ಬಲ ಕೆಳಪೈಪು, ಸ್ಟಿಯರಿಂಗ್ ಹೆಡ್ಡಿನ ಅಡಿ, ಕ್ರ್ಯಾಂಕ್‌ಕೇಸ್ ನಂಬರ್, ಈ ಮೂರರ ಫೋಟೋ ಇಲ್ಲೇ ಹಾಕಿ. ನಂಬರಿನ ಕೊನೆ ಎರಡು ಅಂಕಿ ಮುಚ್ಚಿ ಹಾಕಿದರೂ ಸಾಕು.