ಲಿನಕ್ಸ್ ಸರ್ವರ್ ಭದ್ರಪಡಿಸುವುದನ್ನು ಎಲ್ಲಿಂದ ಕಲಿಯಬೇಕು?

ಎರಡು ವರ್ಷ ಡೆಬಿಯನ್ (ಲಿನಕ್ಸ್‌ನ ಒಂದು ವಿತರಣೆ) ಬಳಸಿದ ಅನುಭವವಿದೆ, ಈಗ ಕಚೇರಿಯ ಮೂರು ಸರ್ವರ್‌ಗಳ ಹೊಣೆ ಬಂದಿದೆ, ಅವುಗಳನ್ನು ದಾಳಿಗಳಿಂದ ಕಾಯಲು ಯಾವ ಪರಿಶೀಲನಾ ಪಟ್ಟಿಯನ್ನು ಅನುಸರಿಸಬೇಕು ಎಂದು ನೀವು ಕೇಳಿದ್ದೀರಿ. ಪಟ್ಟಿಯಿಂದ ಆರಂಭಿಸಬೇಡಿ ಎಂಬುದೇ ನನ್ನ ಮೊದಲ ಸಲಹೆ. ಸೆಂಟರ್ ಫಾರ್ ಇಂಟರ್ನೆಟ್ ಸೆಕ್ಯುರಿಟಿ ಎಂಬ ಸಂಸ್ಥೆ ಹೊರತರುವ ಸಿಐಎಸ್ ಬೆಂಚ್‌ಮಾರ್ಕ್‌ನಂತಹ ಪಟ್ಟಿಗಳು ನಿಜಕ್ಕೂ ಉಪಯುಕ್ತ. ಆದರೆ ತನ್ನ ಸರ್ವರಿನಲ್ಲಿ ಏನೇನು ನಡೆಯುತ್ತಿದೆ ಎಂದು ತಿಳಿಯದವರಿಗೆ ಅದರ ನೂರಾರು ಅಂಶಗಳೂ ಒಂದೇ ತೂಕದವಾಗಿ ಕಾಣುತ್ತವೆ.

ನಾನು ಇದನ್ನು ನಷ್ಟ ಅನುಭವಿಸಿ ಕಲಿತೆ. ನಾನು ನೋಡಿಕೊಳ್ಳುತ್ತಿದ್ದ ಒಂದು ಸರ್ವರಿನಲ್ಲಿ ಯಾರೋ ಪರೀಕ್ಷೆಗೆಂದು ತೆರೆದ ಖಾತೆಯೊಂದು, ಊಹಿಸಲು ಸುಲಭವಾದ ಪಾಸ್‌ವರ್ಡಿನೊಂದಿಗೆ, ಹಾಗೆಯೇ ಉಳಿದುಬಿಟ್ಟಿತ್ತು. ಒಂದು ಬೆಳಿಗ್ಗೆ ಪ್ರೊಸೆಸರ್ ಪೂರ್ತಿ ದುಡಿಯುತ್ತಿತ್ತು. ಆ ಖಾತೆಯ ಮೂಲಕ ಒಳಬಂದವರು ಕ್ರಿಪ್ಟೊ ಗಣಿಗಾರಿಕೆಯ ತಂತ್ರಾಂಶ ಹಾಕಿದ್ದರು, ಅಳಿಸಿದರೆ ಅದು ಮತ್ತೆ ಇಳಿದುಬರುವಂತೆ ನಿಗದಿತ ಸಮಯಕ್ಕೆ ಆಜ್ಞೆಗಳನ್ನು ತಾನಾಗಿ ಓಡಿಸುವ ಕ್ರಾನ್‌ನಲ್ಲಿ ಒಂದು ಸಾಲನ್ನೂ ಬರೆದಿಟ್ಟಿದ್ದರು. ಸಾಮಾನ್ಯ ಖಾತೆ ತಾನೆ ಎಂದು ಸಮಾಧಾನ ಪಡುವಂತಿರಲಿಲ್ಲ. 2021ರ ಜನವರಿಯಲ್ಲಿ ಬಯಲಾದ, ಇನ್ನೊಬ್ಬರ ಅಧಿಕಾರದಲ್ಲಿ ಆಜ್ಞೆ ಓಡಿಸಲು ಬಿಡುವ ಸುಡೊ ಪ್ರೋಗ್ರಾಮಿನ ದೋಷ ಸುಮಾರು ಹತ್ತು ವರ್ಷ ಯಾರ ಕಣ್ಣಿಗೂ ಬೀಳದೆ ಇತ್ತು, ಅದನ್ನು ಬಳಸಿ ಯಾವುದೇ ಸಾಮಾನ್ಯ ಬಳಕೆದಾರ ಎಲ್ಲ ಅಧಿಕಾರವುಳ್ಳ ರೂಟ್ ಆಗಬಹುದಿತ್ತು. ಆದ್ದರಿಂದ ನಾವು ಆ ಸರ್ವರನ್ನು ಸ್ವಚ್ಛಗೊಳಿಸುವ ಗೋಜಿಗೆ ಹೋಗದೆ ಮೊದಲಿನಿಂದ ಹೊಸದಾಗಿ ಕಟ್ಟಿದೆವು.

ಹಾಗಾಗಿ ಮೊದಲ ವಾರ ಏನನ್ನೂ ಬದಲಿಸದೆ ಓದುವುದಕ್ಕೆ ಮೀಸಲಿಡಿ. 'ಎಸ್‌ಎಸ್' ಆಜ್ಞೆಯಿಂದ ಯಾವ ಪೋರ್ಟುಗಳು (ಜಾಲದಿಂದ ಸೇವೆಗಳನ್ನು ತಲುಪುವ ಸಂಖ್ಯೆಯ ಬಾಗಿಲುಗಳು) ತೆರೆದಿವೆ, ಅವುಗಳ ಹಿಂದೆ ಯಾವ ಪ್ರೋಗ್ರಾಮ್ ಇದೆ ಎಂದು ನೋಡಿ, ಪ್ರತಿಯೊಂದಕ್ಕೂ ಅದು ಏಕೆ ಬೇಕು ಎಂದು ಒಂದು ವಾಕ್ಯ ಬರೆಯಿರಿ. ಬರೆಯಲು ಕಾರಣ ಸಿಗದ ಸೇವೆಯನ್ನು, ಆ ವಾರ ಕಳೆದ ಮೇಲೆ, ಸಂಬಂಧಪಟ್ಟವರನ್ನು ಕೇಳಿ ತೆಗೆದುಹಾಕಿ. ಲಾಗಿನ್ ಆಗಬಲ್ಲ ಖಾತೆಗಳಿಗೂ, ಕ್ರಾನ್ ಸಾಲುಗಳಿಗೂ ಹೀಗೆಯೇ ಮಾಡಿ.

ನಂತರ ಎಸ್‌ಎಸ್‌ಎಚ್, ಅಂದರೆ ಸರ್ವರಿಗೆ ದೂರದಿಂದ ಸುರಕ್ಷಿತವಾಗಿ ಲಾಗಿನ್ ಆಗುವ ವಿಧಾನ. ಪಾಸ್‌ವರ್ಡ್ ಪ್ರವೇಶವನ್ನು ನಿಲ್ಲಿಸಿ ಅದರ ಜಾಗದಲ್ಲಿ ಕೀಲಿಗಳನ್ನು ಬಳಸಿ, ರೂಟ್ ನೇರ ಪ್ರವೇಶವನ್ನು ಮುಚ್ಚಿ, ಸಾಧ್ಯವಿದ್ದರೆ ಫೈರ್‌ವಾಲ್‌ನಲ್ಲಿ ಕಚೇರಿಯ ಅಥವಾ ವಿಪಿಎನ್ ವಿಳಾಸಗಳಿಗೆ ಮಾತ್ರ ಆ ಪೋರ್ಟನ್ನು ತೆರೆದಿಡಿ. ಈ ಕೊನೆಯದನ್ನು ಹಲವರು ಅತಿಯೆನ್ನುತ್ತಾರೆ, ನಾನು ಒಪ್ಪುವುದಿಲ್ಲ. 2006ರಲ್ಲಿ ಸರಿಪಡಿಸಿದ್ದ ಓಪನ್‌ಎಸ್‌ಎಸ್‌ಎಚ್ ದೋಷವೊಂದು ಮರಳಿ ಬಂದಿದೆ ಎಂದು 2024ರ ಜುಲೈನಲ್ಲಿ ತಿಳಿದಾಗ, ಪೋರ್ಟನ್ನು ಹೀಗೆ ಕಿರಿದಾಗಿಸಿಕೊಂಡಿದ್ದವರಿಗೆ ಗಾಬರಿಯಿಲ್ಲದೆ ಅಪ್‌ಡೇಟ್ ಮಾಡಲು ಸಮಯವಿತ್ತು. ಸಂರಚನೆ ಬದಲಿಸುವಾಗ ಈಗಿರುವ ಸಂಪರ್ಕವನ್ನು ಮುಚ್ಚಬೇಡಿ. ಇನ್ನೊಂದು ಟರ್ಮಿನಲ್‌ನಿಂದ ಒಳಬರಲು ಆಗುತ್ತದೆ ಎಂದು ಖಚಿತಪಡಿಸಿಕೊಂಡ ಮೇಲೆಯೇ ಹಳೆಯದನ್ನು ಬಿಡಿ.

ಅಪ್‌ಡೇಟ್ ವಿಷಯದಲ್ಲಿ ಹೊಸಬರು ತಪ್ಪುವುದು ಒಂದು ಕಡೆ. ಡೆಬಿಯನ್‌ನಲ್ಲಿ ಭದ್ರತಾ ಅಪ್‌ಡೇಟ್‌ಗಳು ತಾವಾಗಿ ಬರುವಂತೆ ಮಾಡಬಹುದು, ಮಾಡಲೇಬೇಕು. ಆದರೆ ಡಿಸ್ಕಿನ ಮೇಲೆ ಲೈಬ್ರರಿ (ಹಲವು ಪ್ರೋಗ್ರಾಮ್‌ಗಳು ಹಂಚಿಕೊಳ್ಳುವ ಕೋಡ್) ಹೊಸದಾದರೂ ಈಗಾಗಲೇ ಓಡುತ್ತಿರುವ ಸೇವೆಯ ಸ್ಮೃತಿಯಲ್ಲಿ ಹಳೆಯದೇ ಉಳಿದಿರುತ್ತದೆ. 2014ರ ಏಪ್ರಿಲ್‌ನಲ್ಲಿ ಗೂಢಲಿಪಿ ಲೈಬ್ರರಿ ಓಪನ್‌ಎಸ್‌ಎಸ್‌ಎಲ್‌ನ ಹಾರ್ಟ್‌ಬ್ಲೀಡ್ ದೋಷ ಬಯಲಾದಾಗ ಆ ಲೈಬ್ರರಿಯನ್ನು ಅಪ್‌ಡೇಟ್ ಮಾಡಿದರಷ್ಟೇ ಸಾಲುತ್ತಿರಲಿಲ್ಲ, ಸೇವೆಗಳನ್ನು ಮರು ಆರಂಭಿಸಿ, ಸೋರಿರಬಹುದಾದ ಖಾಸಗಿ ಕೀಲಿಗಳನ್ನೂ ಬದಲಿಸಬೇಕಿತ್ತು. ಯಾವ ಸೇವೆಗೆ ಮರು ಆರಂಭ ಬೇಕು ಎಂಬುದನ್ನು 'ನೀಡ್‌ರಿಸ್ಟಾರ್ಟ್' ಎಂಬ ಸಾಧನ ಹೇಳುತ್ತದೆ.

ಇಷ್ಟು ಕೈಗೆ ಬಂದ ಮೇಲೆ ನನಗೆ ಅತ್ಯಂತ ಪ್ರಿಯವಾದ ಭಾಗಕ್ಕೆ ಬನ್ನಿ: ಒಂದು ಸೇವೆ ದಾಳಿಕೋರರ ವಶವಾದರೂ ಅವರು ಅದರಾಚೆಗೆ ಕೈಚಾಚದಂತೆ ಕಟ್ಟಿಹಾಕುವುದು. ಡೆಬಿಯನ್ 10ರಿಂದ, ಅಂದರೆ 2019ರಿಂದ, ಪ್ರತಿ ಪ್ರೋಗ್ರಾಮ್ ಏನನ್ನು ಮುಟ್ಟಬಹುದೆಂದು ಮಿತಿ ಹಾಕುವ ಆಪ್‌ಆರ್ಮರ್ ಮೊದಲೇ ಚಾಲೂ ಇರುತ್ತದೆ. ಸೇವೆಯೊಂದು ಅದರಿಂದಾಗಿ ಕೆಲಸ ಮಾಡದಿದ್ದರೆ ಆಪ್‌ಆರ್ಮರನ್ನೇ ನಿಲ್ಲಿಸಿಬಿಡಿ ಎಂಬ ಸಲಹೆ ಎಲ್ಲೆಡೆ ಸಿಗುತ್ತದೆ, ಲಿನಕ್ಸ್‌ನ ರೆಡ್‌ಹ್ಯಾಟ್ ಬಳಗದಲ್ಲಿ ಇಂಥದ್ದೇ ಕೆಲಸ ಮಾಡುವ ಎಸ್‌ಇಲಿನಕ್ಸ್‌ಗೂ ಇದೇ ಗತಿ. ದಯವಿಟ್ಟು ಹಾಗೆ ಮಾಡಬೇಡಿ. ಆ ಒಂದು ಸೇವೆಯನ್ನು ಮಾತ್ರ ತಡೆಯದೆ ದಾಖಲಿಸುವ ಸ್ಥಿತಿಗೆ ತಂದು, ಲಾಗಿನಲ್ಲಿ ಯಾವ ಕಡತ ಮುಟ್ಟಲು ಹೋಯಿತೆಂದು ಓದಿ, ಅದು ನ್ಯಾಯವಾದ ಕೋರಿಕೆಯೇ ಎಂದು ತೀರ್ಮಾನಿಸಿ ನಿಯಮ ಸೇರಿಸಿ. ಸೇವೆಗಳನ್ನು ಆರಂಭಿಸಿ ನಿರ್ವಹಿಸುವ ಸಿಸ್ಟಮ್‌ಡಿಯಲ್ಲಿ 'ಸಿಸ್ಟಮ್‌ಡಿ-ಅನಲೈಸ್ ಸೆಕ್ಯುರಿಟಿ' ಎಂಬ ಆಜ್ಞೆ ಪ್ರತಿ ಸೇವೆಗೂ ಸೊನ್ನೆಯಿಂದ ಹತ್ತರವರೆಗೆ ಅಂಕ ಕೊಡುತ್ತದೆ, ಅಂಕ ಹೆಚ್ಚಿದಷ್ಟೂ ಸೇವೆ ಬಯಲಿಗೆ ತೆರೆದುಕೊಂಡಿದೆ ಎಂದರ್ಥ. ಒಂದು ಸಣ್ಣ ಸೇವೆಯನ್ನು ಆರಿಸಿಕೊಂಡು, ಒಂದೊಂದೇ ನಿರ್ಬಂಧ ಸೇರಿಸುತ್ತಾ, ಎಲ್ಲಿ ಮುರಿಯುತ್ತದೆ, ಏಕೆ ಮುರಿಯಿತು ಎಂದು ಹುಡುಕಿ. ಈ ಹುಡುಕಾಟದಲ್ಲಿ ಕಲಿಯುವಷ್ಟನ್ನು ಬೇರೆ ಯಾವುದರಿಂದಲೂ ನಾನು ಕಲಿತಿಲ್ಲ. ಇದನ್ನೆಲ್ಲ ಮೊದಲು, ಹಿಂದಿನ ಸ್ಥಿತಿಗೆ ಮರಳಲು ಸ್ನ್ಯಾಪ್‌ಶಾಟ್ ತೆಗೆದಿಟ್ಟ ವರ್ಚುವಲ್ ಮಷೀನಿನಲ್ಲಿ ಮಾಡಿ.

ಸರ್ವರಿನ ಸಹಜ ನಡೆಯನ್ನು ಅರಿಯಿರಿ ಎಂದು ಇಷ್ಟು ಒತ್ತಿ ಹೇಳುವುದಕ್ಕೆ ಇನ್ನೊಂದು ಕಾರಣವಿದೆ. 2024ರ ಮಾರ್ಚ್‌ನಲ್ಲಿ ಕಡತಗಳನ್ನು ಕುಗ್ಗಿಸುವ ಎಕ್ಸ್‌ಝಡ್ ಲೈಬ್ರರಿಯ 5.6.0 ಮತ್ತು 5.6.1 ಆವೃತ್ತಿಗಳಲ್ಲಿದ್ದ ಹಿತ್ತಲ ಬಾಗಿಲನ್ನು (ಗುಟ್ಟಾಗಿ ಒಳನುಗ್ಗುವ ದಾರಿಯನ್ನು) ಪತ್ತೆ ಮಾಡಿದ ತಂತ್ರಾಂಶ ಅಭಿವರ್ಧಕ ಆಂಡ್ರೆಸ್ ಫ್ರಾಯಿಂಡ್, ಡೆಬಿಯನ್‌ನ ಇನ್ನೂ ಸ್ಥಿರವಾಗದ 'ಸಿಡ್' ಶಾಖೆಯಲ್ಲಿ ಎಸ್‌ಎಸ್‌ಎಚ್ ಲಾಗಿನ್‌ಗೆ ಸುಮಾರು ಅರ್ಧ ಸೆಕೆಂಡು ಹೆಚ್ಚು ಹಿಡಿಯುತ್ತಿದೆ ಎಂಬುದನ್ನು ಗಮನಿಸಿ ಅದರ ಬೆನ್ನು ಹತ್ತಿದ್ದರು. ಮಾಮೂಲಿ ಎಷ್ಟು ಹೊತ್ತು ಹಿಡಿಯುತ್ತದೆ ಎಂದು ತಿಳಿದಿದ್ದರಿಂದಲೇ ಅವರಿಗೆ ಅದು ಹೆಚ್ಚೆನಿಸಿತು.

ನೀವು ಕೇಳಿದ ಪಟ್ಟಿಗೆ ಎರಡು ಮೂರು ತಿಂಗಳ ನಂತರ ಬನ್ನಿ. ಆಗ ಸರ್ವರಿನ ಭದ್ರತೆಯನ್ನು ಪರಿಶೀಲಿಸುವ 'ಲಿನಿಸ್' ಓಡಿಸಿ ಅದರ ವರದಿಯನ್ನು ಸಿಐಎಸ್ ಪಟ್ಟಿಯ ಪಕ್ಕದಲ್ಲಿಟ್ಟು ಓದಿ. ಯಾವ ಅಂಶ ನಿಮ್ಮ ಸರ್ವರ್‌ಗಳಿಗೆ ಅನ್ವಯಿಸುವುದಿಲ್ಲ ಎಂದು ಕಾರಣ ಸಹಿತ ಹೇಳಲು ನಿಮಗೇ ಬರುತ್ತದೆ. ಇಂದು ಮಾತ್ರ ಮೂರರಲ್ಲಿ ಒಂದು ಸರ್ವರಿನ ತೆರೆದ ಪೋರ್ಟುಗಳನ್ನು ನೋಡಿ. ಅರ್ಥವಾಗದ ಸಾಲು ಸಿಕ್ಕಿದರೆ ವಿಳಾಸಗಳನ್ನು ಅಳಿಸಿ ಇಲ್ಲಿ ಬರೆಯಿರಿ, ಉತ್ತರಿಸುತ್ತೇನೆ.