ಸಮುದ್ರದ ಕಾಡ್, ಸರೋವರದ ಟ್ರೌಟ್: ನಾರ್ವೆಯಲ್ಲಿ ಒಂದೇ ಪ್ರವಾಸದಲ್ಲಿ ಎರಡೂ ಆಗುತ್ತಾ?

ಪ್ರಶ್ನೆ: ನಾವು ತುಮಕೂರು ಜಿಲ್ಲೆ ಕುಣಿಗಲ್ ಕಡೆಯವರು. ಚಿಕ್ಕಂದಿನಿಂದ ಕೆರೆಯಲ್ಲಿ ಗಾಳ ಹಾಕಿ ರೂಢಿ. ಮಗ ಓಸ್ಲೋದಲ್ಲಿ ಕೆಲಸದಲ್ಲಿದ್ದಾನೆ. ಬರುವ ಜುಲೈನಲ್ಲಿ ನಾನು, ನನ್ನ ತಮ್ಮ ಅಲ್ಲಿಗೆ ಹೋಗಿ ಹತ್ತು ದಿನ ಉತ್ತರ ನಾರ್ವೆಯಲ್ಲಿ ಮೀನು ಹಿಡಿಯಬೇಕು ಅಂತಿದ್ದೇವೆ. ಸಮುದ್ರದಲ್ಲಿ ಕಾಡ್, ನದಿಯಲ್ಲಿ ಸಾಲ್ಮನ್, ಎರಡೂ ಬೇಕು. ಹೇಗೆ ಯೋಜನೆ ಮಾಡುವುದು? ಇಲ್ಲಿಂದ ಏನೇನು ಒಯ್ಯಬೇಕು?

ಉತ್ತರ: ಉಪ್ಪುನೀರು, ಸಿಹಿನೀರು ಎರಡೂ ಖಂಡಿತ ಆಗುತ್ತದೆ. ಆದರೆ ಸಾಲ್ಮನ್ ಆಸೆ ಈ ಸಲ ಬಿಡಿ. ನಾರ್ವೆಯ ನದಿಗಳಿಗೆ ಮರಳುವ ಸಾಲ್ಮನ್ ತುಂಬಾ ಕಡಿಮೆಯಾಗಿದೆ. 2024ರ ಜೂನ್‌ನಲ್ಲಿ, ಸೀಸನ್ ನಡುವೆಯೇ, 33 ನದಿಗಳಲ್ಲಿ ಸಾಲ್ಮನ್ ಹಿಡಿಯುವುದನ್ನು ಅಲ್ಲಿನ ಸರ್ಕಾರ ನಿಲ್ಲಿಸಿತು. ತಿಂಗಳುಗಟ್ಟಲೆ ಮುಂಚೆ ದುಡ್ಡು ಕಟ್ಟಿದವರೂ ಗಾಳ ಮಡಿಸಿಡಬೇಕಾಯಿತು. ನದಿ ತೆರೆದಿದ್ದರೂ ಸರ್ಕಾರಕ್ಕೆ ಒಂದು ಶುಲ್ಕ, ನದಿಯ ಹಕ್ಕುದಾರರಿಗೆ ಇನ್ನೊಂದು ಕಟ್ಟಬೇಕು. ಹತ್ತು ದಿನಕ್ಕೆ ಹೋಗುವ ಹೊಸಬರು ಇದರ ಮೇಲೆ ಪ್ರವಾಸ ಕಟ್ಟಬಾರದು. ಆ ಮೀನಿಗೂ ಈಗ ಸ್ವಲ್ಪ ಬಿಡುವು ಬೇಕು ಅಲ್ವಾ?

ಬದಲಿಗೆ ಸರೋವರದ ಟ್ರೌಟ್ ಮತ್ತು ಚಾರ್ ಹಿಡಿಯಿರಿ. ಚಾರ್ ಅಂದರೆ ಬಹಳ ತಣ್ಣನೆಯ ನೀರಿನಲ್ಲಿ ಬದುಕುವ, ಹೊಟ್ಟೆ ಕೆಂಪಗಿರುವ ಮೀನು. ಸಿಹಿನೀರಿನ ಮೀನುಗಳಲ್ಲಿ ಇದರಷ್ಟು ಉತ್ತರದವರೆಗೆ ಬದುಕುವುದು ಬೇರೊಂದಿಲ್ಲ.

ಈಗ ಯೋಜನೆಗೆ ಬರೋಣ. ಹೆಚ್ಚಿನವರು ಐದು ದಿನ ಸಮುದ್ರ, ಐದು ದಿನ ಸರೋವರ ಅಂತ ಕ್ಯಾಲೆಂಡರ್ ಹಂಚಿಬಿಡುತ್ತಾರೆ. ಹಾಗೆ ಮಾಡಬೇಡಿ. ಉತ್ತರದ ಸಮುದ್ರದಲ್ಲಿ ದಿನವನ್ನು ಗಾಳಿ ತೀರ್ಮಾನಿಸುತ್ತದೆ. ನಿಮ್ಮ ಐದು ಸಮುದ್ರದ ದಿನಗಳಲ್ಲಿ ನಾಲ್ಕು ದಿನ ಗಾಳಿ ಬೀಸಿದರೆ ಏನು ಮಾಡುತ್ತೀರಿ? ಸಮುದ್ರವೂ ಸರೋವರವೂ ಕಾರಿನಲ್ಲಿ ಒಂದು ಗಂಟೆಯೊಳಗೆ ಸಿಗುವ ಒಂದೇ ಊರಿನಲ್ಲಿ ಬಿಡಾರ ಹೂಡಿ. ಗಾಳಿ ತಗ್ಗಿದ ದಿನ ಸಮುದ್ರ, ಜೋರಾದ ದಿನ ಸರೋವರ. ಹಿಂದಿನ ರಾತ್ರಿ ‘ವೈ.ಆರ್’ ಎಂಬ ನಾರ್ವೆಯ ಹವಾಮಾನ ಆ್ಯಪ್ ನೋಡಿ ನಿರ್ಧರಿಸಿ. ಗಾಳಿ ಸೆಕೆಂಡಿಗೆ ಏಳೆಂಟು ಮೀಟರ್ ದಾಟುತ್ತದೆ ಅಂದರೆ ಸಣ್ಣ ದೋಣಿ ಹತ್ತಬೇಡಿ.

ನಾನು ಹೇಳುವ ಊರು ಬೋಡೋ. ಆರ್ಕ್‌ಟಿಕ್ ವೃತ್ತದಿಂದ ಮೇಲಿದೆ, ಓಸ್ಲೋದಿಂದ ನೇರ ವಿಮಾನ ಇದೆ. ಜೂನ್ ಮೊದಲ ವಾರದಿಂದ ಜುಲೈ ಮೊದಲ ವಾರದವರೆಗೆ ಅಲ್ಲಿ ಸೂರ್ಯ ಮುಳುಗುವುದೇ ಇಲ್ಲ. ಆಮೇಲೂ ಕೆಲವು ವಾರ ರಾತ್ರಿ ಕತ್ತಲಾಗುವುದಿಲ್ಲ. ರಾತ್ರಿ ಹನ್ನೊಂದಕ್ಕೂ ಗಾಳ ಹಾಕಬಹುದು. ಹತ್ತಿರದಲ್ಲೇ ಸಾಲ್ಟ್‌ಸ್ಟ್ರಾಮೆನ್ ಎಂಬ ಜಾಗವಿದೆ. ಸುಮಾರು 150 ಮೀಟರ್ ಅಗಲದ ಕಡಲ ಕಾಲುವೆ ಅದು. ಭರತ ಇಳಿತಕ್ಕೆ ತಕ್ಕಂತೆ ಆರು ಗಂಟೆಗೊಮ್ಮೆ ನೀರು ದಿಕ್ಕು ಬದಲಿಸುತ್ತದೆ. ಸೆಳೆತ 20 ನಾಟ್‌ವರೆಗೆ ಹೋಗುತ್ತದೆ, ಅಂದರೆ ಗಂಟೆಗೆ ಸುಮಾರು 37 ಕಿಲೋಮೀಟರ್. ಸೆಳೆತದ ಜೊತೆ ಸಣ್ಣ ಮೀನು ಬರುತ್ತದೆ, ಅದರ ಹಿಂದೆ ಕಾಡ್, ಅದರದೇ ಕುಲದ ಸೇತ್ ಎಂಬ ಮೀನು ಬರುತ್ತವೆ. ದೋಣಿಯೇ ಬೇಡ, ದಡದ ಬಂಡೆ ಮೇಲೆ ನಿಂತು ಎಸೆಯಬಹುದು. ದಿಕ್ಕು ಬದಲಾಗುವ ಹೊತ್ತಿನ ಹಿಂದೆ ಮುಂದೆ ಹೋಗಿ, ಗಾಳ ನಿಭಾಯಿಸಲು ಆಗುತ್ತದೆ. ಬಂಡೆ ಜಾರುತ್ತದೆ, ಅಂಚಿಗೆ ಹೋಗಬೇಡಿ.

ಸಮುದ್ರದಲ್ಲಿ ಕೈಯಲ್ಲಿ ಹಿಡಿಯುವ ಗಾಳದಿಂದ ಮೀನು ಹಿಡಿಯಲು ನಾರ್ವೆಯಲ್ಲಿ ಲೈಸೆನ್ಸ್ ಬೇಡ, ಹೊರದೇಶದವರಿಗೂ ಅಷ್ಟೇ. ಬಲೆ, ಬೋನು, ನೂರಾರು ಕೊಕ್ಕೆಯ ಉದ್ದದ ಹಗ್ಗ ಮಾತ್ರ ನಿಮಗಿಲ್ಲ. ಹಿಡಿದದ್ದನ್ನು ಮಾರುವ ಹಾಗೂ ಇಲ್ಲ. ಮೀನು ಸಾಕುವ ಪಂಜರಗಳಿಂದ 100 ಮೀಟರ್ ದೂರವಿರಬೇಕು. ಉತ್ತರದಲ್ಲಿ 44 ಸೆಂಟಿಮೀಟರ್‌ಗಿಂತ ಚಿಕ್ಕ ಕಾಡ್ ಜೀವಂತ ಬಂದರೆ ನೀರಿಗೆ ಬಿಡಬೇಕು. ಹಾಲಿಬಟ್ ಎಂಬ ದೈತ್ಯ ಚಪ್ಪಟೆ ಮೀನು ಎರಡು ಮೀಟರ್ ಮೀರಿದ್ದರೆ ಅದನ್ನೂ ಬಿಡಬೇಕು.

ಸಿಹಿನೀರಿನ ಕಥೆ ಬೇರೆ. ನಮ್ಮಲ್ಲಿ ಕೆರೆಯ ಮೀನು ಹಕ್ಕನ್ನು ಹರಾಜು ಹಿಡಿದವರನ್ನು ಕೇಳದೆ ಗಾಳ ಹಾಕುವಂತಿಲ್ಲವಲ್ಲ, ಅಲ್ಲೂ ಹಾಗೆಯೇ ಪ್ರತಿ ಸರೋವರಕ್ಕೂ ಒಬ್ಬ ಹಕ್ಕುದಾರ ಇರುತ್ತಾನೆ. ಕಾಡಿನಲ್ಲಿ ಯಾರು ಬೇಕಾದರೂ ನಡೆದಾಡಬಹುದು, ಟೆಂಟ್ ಹಾಕಬಹುದು. ಮೀನು ಹಿಡಿಯಲು ಮಾತ್ರ ‘ಫಿಸ್ಕೆಕೋರ್ಟ್’ ಎಂಬ ಚೀಟಿ ಬೇಕು. ‘ಇನಾತುರ್’ ಜಾಲತಾಣದಲ್ಲಿ ಸಿಗುತ್ತದೆ, ಎಷ್ಟೋ ಕಡೆ ಊರಿನ ಅಂಗಡಿಯಲ್ಲೂ ಸಿಗುತ್ತದೆ. ಯಾವ ನೀರು, ಯಾವ ದಿನ, ಎಷ್ಟು ಮೀನು ಎಂಬುದು ಆ ಚೀಟಿಯಲ್ಲೇ ಇರುತ್ತದೆ. ಮಗನ ಹತ್ತಿರ ಓದಿಸಿಕೊಳ್ಳಿ.

ಊರಿನಿಂದ ಬೆಂಡು, ಕೊಕ್ಕೆ, ಕೋಲು ಒಯ್ಯುವುದಾದರೆ ಒಂದು ಮಾತು. ಎಲ್ಲವನ್ನೂ ತೊಳೆದು, ಬಿಸಿಲಲ್ಲಿ ಚೆನ್ನಾಗಿ ಒಣಗಿಸಿ. ಇದು ಸುಮ್ನೆ ಶಿಸ್ತಿನ ಮಾತಲ್ಲ. 1970ರ ದಶಕದಲ್ಲಿ ಜೈರೊಡ್ಯಾಕ್ಟಿಲಸ್ ಎಂಬ ಪರೋಪಜೀವಿ ಹೊರಗಿನಿಂದ ಬಂದು ನಾರ್ವೆಯ ಹಲವು ನದಿಗಳ ಸಾಲ್ಮನ್ ಮರಿಗಳನ್ನು ಕೊಂದುಹಾಕಿತು. ಒದ್ದೆ ಬಲೆ, ಒದ್ದೆ ಬೂಟಿನಲ್ಲೂ ಅದು ಒಂದು ನೀರಿನಿಂದ ಇನ್ನೊಂದಕ್ಕೆ ದಾಟುತ್ತದೆ. ಜೀವಂತ ಮೀನನ್ನು ಎರೆಯಾಗಿ ಬಳಸುವುದಕ್ಕೂ ಅಲ್ಲಿ ನಿಷೇಧ.

ನಿಜ ಹೇಳಬೇಕೆಂದರೆ ಕೆರೆಯ ಸಾಮಾನು ಸಮುದ್ರಕ್ಕೆ ಆಗಿಬರುವುದಿಲ್ಲ. 50–100 ಮೀಟರ್ ಆಳಕ್ಕೆ ಎರೆಯ ಬದಲು 100ರಿಂದ 300 ಗ್ರಾಂ ತೂಕದ ಲೋಹದ ನಕಲಿ ಮೀನು ಇಳಿಸಬೇಕು. ಗಟ್ಟಿ ರಾಡು, ಹೆಣೆದ ದಾರ ಬೇಕು. ಅದನ್ನೆಲ್ಲ ಅಲ್ಲೇ ಬಾಡಿಗೆಗೆ ತೆಗೆದುಕೊಳ್ಳಿ. ಇಲ್ಲಿಂದ ಒಂದು ಎಂಟಡಿ ಸ್ಪಿನ್ನಿಂಗ್ ರಾಡು, 7ರಿಂದ 20 ಗ್ರಾಂ ಸ್ಪೂನುಗಳು, ಅಂದರೆ ಎರೆಯ ಬದಲು ಕಟ್ಟುವ ಚಮಚದಂಥ ಲೋಹದ ತುಂಡುಗಳು, ಸಾಕು. ಸರೋವರಕ್ಕೂ ಆಯಿತು, ದಡದ ಬಂಡೆಗೂ ಆಯಿತು. ಸೊಳ್ಳೆ ಮುಲಾಮು ಮರೆಯಬೇಡಿ, ಜುಲೈನಲ್ಲಿ ಒಳನಾಡಿನ ಸೊಳ್ಳೆ ಬಹಳ ಜಾಸ್ತಿ. ಸಾರಿನ ಪುಡಿ, ರಾಗಿಹಿಟ್ಟು ಒಯ್ಯಬಹುದು. ತುಪ್ಪ ಬೇಡ, ಹಾಲು ಮತ್ತು ಮಾಂಸದ ಪದಾರ್ಥ ಒಳಗೆ ಬಿಡುವುದಿಲ್ಲ. ಕಾಡ್ ಮಾಂಸ ಬೇಗ ಪದರ ಬಿಡುತ್ತದೆ. ಸಾರು ಕುದ್ದ ಮೇಲೆ ಕೊನೆಗೆ ಹಾಕಿ.

ಒಂದು ವಿಷಯವನ್ನು ಒತ್ತಿ ಹೇಳುತ್ತೇನೆ. ಆಳದಿಂದ ಬೇಗ ಮೇಲೆ ಬಂದ ಮೀನಿನ ಗಾಳಿಚೀಲ ಉಬ್ಬಿಹೋಗುತ್ತದೆ. ಅದನ್ನು ಬಿಟ್ಟರೂ ಎಷ್ಟೋ ಸಲ ಕೆಳಗಿಳಿಯಲಾರದೆ ಸಾಯುತ್ತದೆ. ಹಾಗಾಗಿ ಆಳದ ನೀರಿನಲ್ಲಿ ‘ಹಿಡಿದು ಬಿಡೋಣ’ ಅನ್ನುವ ಆಟ ಬೇಡ. ಊಟಕ್ಕೆ ಬೇಕಾದಷ್ಟು ಸಿಕ್ಕ ಕೂಡಲೇ ನಿಲ್ಲಿಸಿ.

ನೀರು ಬೇಸಿಗೆಯಲ್ಲೂ ಹೆಚ್ಚೆಂದರೆ 12–14 ಡಿಗ್ರಿ. ಕೆರೆಯಲ್ಲಿ ಈಜು ಬರುತ್ತದೆ ಎಂಬ ಧೈರ್ಯ ಅಲ್ಲಿ ನಡೆಯದು. ಬಿದ್ದ ಮೊದಲ ನಿಮಿಷದಲ್ಲೇ ಉಸಿರು ಕಟ್ಟುತ್ತದೆ. ಎಂಟು ಮೀಟರ್‌ಗಿಂತ ಚಿಕ್ಕ ದೋಣಿ ಸಾಗುವಾಗ ಜೀವರಕ್ಷಕ ಜಾಕೆಟ್ ತೊಡುವುದು ಕಾನೂನು. ಮೊದಲೆರಡು ದಿನವಾದರೂ ಸ್ಥಳೀಯ ಚಾಲಕನಿರುವ ದೋಣಿಯಲ್ಲೇ ಹೋಗಿ. ಸಮುದ್ರದ ತುರ್ತು ಸಹಾಯದ ನಂಬರ್ 120, ಫೋನಿನಲ್ಲಿ ಬರೆದಿಟ್ಟುಕೊಳ್ಳಿ.

ವೀಸಾ ಷೆಂಗೆನ್‌ನದು. ಪ್ರಯಾಣಕ್ಕೆ ಆರು ತಿಂಗಳು ಮುಂಚಿನಿಂದ ಅರ್ಜಿ ಹಾಕಬಹುದು. ಕನಿಷ್ಠ 30,000 ಯೂರೋ ವಿಮೆ ಕಡ್ಡಾಯ.

ಹೋಗುವ ಮುಂಚೆ ಟ್ರೌಟ್ ಕೈಗೆ ಪಳಗಬೇಕು ಎನಿಸಿದರೆ ಹಿಮಾಚಲದ ತೀರ್ಥನ್ ಕಣಿವೆಗೆ ಹೋಗಿಬನ್ನಿ. ಬ್ರಿಟಿಷರ ಕಾಲದಲ್ಲಿ ತಂದುಬಿಟ್ಟ ಕಂದು ಟ್ರೌಟ್ ಅಲ್ಲಿದೆ. ಮೀನುಗಾರಿಕೆ ಇಲಾಖೆಯ ಪರ್ಮಿಟ್ ಬೇಕು. ನವೆಂಬರ್‌ನಿಂದ ಫೆಬ್ರುವರಿವರೆಗೆ ಮೊಟ್ಟೆಯಿಡುವ ಕಾಲ, ಆಗ ಬಂದ್. ಏಪ್ರಿಲ್ ಒಳ್ಳೆಯ ತಿಂಗಳು.

ಪ್ರಶ್ನೆ: ನಾರ್ವೆಯಲ್ಲಿ ಹಿಡಿದ ಮೀನನ್ನು ಊರಿಗೆ ತರಬಹುದಾ? – ಶಿರಾದ ಓದುಗರು

ಉತ್ತರ: ನೋಂದಾಯಿತ ಮೀನುಗಾರಿಕೆ ಶಿಬಿರದಲ್ಲಿ ತಂಗಿ, ಅವರಿಂದ ದಾಖಲೆ ಪಡೆದವರಿಗೆ ಮಾತ್ರ ಮೀನನ್ನು ದೇಶದಿಂದ ಹೊರಗೆ ಒಯ್ಯಲು ಅವಕಾಶ. ಅದಕ್ಕೂ ತೂಕದ ಮಿತಿ ಇದೆ. ಅಷ್ಟು ದೂರದ ಪ್ರಯಾಣದಲ್ಲಿ ಮೀನು ಹೊತ್ತು ತರುವ ಯೋಚನೆಯೇ ಬೇಡ. ನಾರ್ವೆಯಲ್ಲೇ ನೆಂಟರಿದ್ದರೆ ಅವರ ಫ್ರೀಜರ್‌ಗೆ ಕೊಡಿ, ಗಡಿ ದಾಟದಿದ್ದರೆ ಈ ನಿಯಮ ಅಡ್ಡ ಬರುವುದಿಲ್ಲ. ಹಿಡಿದ ತಕ್ಷಣ ಕಿವಿರಿನ ಬಳಿ ಕೊಯ್ದು ರಕ್ತ ಇಳಿಸಿ, ಐಸ್‌ನಲ್ಲಿಡಿ. ರುಚಿ ಅದರಲ್ಲೇ ಇದೆ.

ಪ್ರಶ್ನೆ: ಹನ್ನೆರಡು ವರ್ಷದ ಮಗಳಿಗೂ ಗಾಳದ ಹುಚ್ಚು. ಅವಳಿಗೂ ಚೀಟಿ ಬೇಕಾ? – ತಿಪಟೂರಿನ ಓದುಗರು

ಉತ್ತರ: ಸಮುದ್ರದಲ್ಲಿ ಯಾರಿಗೂ ಬೇಡ. ಸಾಲ್ಮನ್ ಜಾತಿಯ ವಲಸೆ ಮೀನು ಹತ್ತಿ ಬರದ ಸರೋವರಗಳಲ್ಲಿ 16 ವರ್ಷದೊಳಗಿನ ಮಕ್ಕಳು ಜನವರಿ 1ರಿಂದ ಆಗಸ್ಟ್ 20ರವರೆಗೆ ಉಚಿತವಾಗಿ ಗಾಳ ಹಾಕಬಹುದು. ಕರೆದುಕೊಂಡು ಹೋಗಿ. ಬಂದರಿನ ಕಟ್ಟೆಯಿಂದಲೇ ಶುರು ಮಾಡಿಸಿ, ಸಣ್ಣ ಸ್ಪೂನಿಗೆ ಮರಿ ಸೇತ್ ಬೇಗ ಕಚ್ಚುತ್ತವೆ. ಅಲ್ಲೂ ಅವಳಿಗೆ ಜಾಕೆಟ್ ತೊಡಿಸಿ, ಮತ್ತು ಅವಳ ಅಳತೆಯ ಜಾಕೆಟ್ ಇದೆಯಾ ಅಂತ ಬುಕ್ ಮಾಡುವಾಗಲೇ ಕೇಳಿಬಿಡಿ.